ಎಡಪಕ್ಕೆಯ ಎಂಜಿನ್

ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಎಂಜಿನ್ ಕೆಟ್ಟರೆ ವಿಮಾನ ಬೀಳುವುದಿಲ್ಲ. ಉಳಿದ ಒಂದರ ಬಲದಲ್ಲಿ ಅದು ನಿಧಾನವಾಗಿ ನೆಲ ಸೇರುತ್ತದೆ. ಅದಕ್ಕೆಂದೇ ಹಾಗೆ ಕಟ್ಟಿರುತ್ತಾರೆ. ಅಪಾಯವಿರುವುದು ಬೇರೆ ಕಡೆ. ಗಾಬರಿಯಲ್ಲಿ, ಹೊಗೆಯಲ್ಲಿ, ಎಚ್ಚರಿಕೆಯ ಗಂಟೆಗಳ ಗದ್ದಲದಲ್ಲಿ, ಪೈಲಟ್‌ನ ಕೈ ಕೆಟ್ಟ ಎಂಜಿನ್ನನ್ನು ಬಿಟ್ಟು ಸರಿಯಾಗಿರುವುದನ್ನೇ ನಿಲ್ಲಿಸಿಬಿಡಬಹುದು.

ವೈಜಯಂತಿಯ ತಂದೆ ಕ್ಯಾಪ್ಟನ್ ಶ್ರೀಪತಿ ಹದಿನಾಲ್ಕು ವರ್ಷದ ಹಿಂದೆ ಮಾಡಿದ್ದು ಅದನ್ನೇ. ನೆಲ ಬಿಟ್ಟು ಒಂಬೈನೂರು ಅಡಿ ಏರುವಷ್ಟರಲ್ಲಿ ಬಲಗಡೆಯ ಎಂಜಿನ್ ಕೆಟ್ಟಿತು. ಅವರು ಎಡಗಡೆಯದನ್ನು ನಿಲ್ಲಿಸಿದರು. ಅವರೂ ಸೇರಿ ನಲವತ್ತೊಂದು ಜನ ಹೋದರು. ‘ಎಡ ಬಲ ಗೊತ್ತಿಲ್ಲದ ಪೈಲಟ್’ ಎಂದು ಟಿವಿಯವರು ಒಂದು ವಾರ ಹೇಳಿದರು. ಆಗ ವೈಜಯಂತಿಗೆ ಹದಿನೇಳು. ತಾಯಿ ಕಮಲಾಕ್ಷಿ ಮಗಳನ್ನು ಕರೆದುಕೊಂಡು, ಯಾರೂ ಗುರುತು ಹಿಡಿಯದ ಬಡಾವಣೆಗೆ ಮನೆ ಬದಲಾಯಿಸಿದರು. ಅಲ್ಲಿ ಯಾರಾದರೂ ಕೇಳಿದರೆ, ‘ಯಜಮಾನ್ರು ಹಾರ್ಟ್ ಅಟ್ಯಾಕ್‌ನಲ್ಲಿ ಹೋದ್ರು’ ಎನ್ನುತ್ತಿದ್ದರು.

ವೈಜಯಂತಿ ಎಂಜಿನಿಯರಿಂಗ್ ಓದಿದಳು. ಜಕ್ಕೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ಏಳು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದಳು. ಎಡಗೈಗೆ ಸೊಳ್ಳೆ ಕಚ್ಚಿದರೆ ಯಾವ ಕೈ ಎಂದು ಯಾರೂ ಯೋಚಿಸಿ ಹೊಡೆಯುವುದಿಲ್ಲ. ಎಂಜಿನ್ ಕೆಟ್ಟದ್ದೂ ಹಾಗೆಯೇ ಮೈಗೆ ತಿಳಿಯುವಂತಿದ್ದರೆ?

ಅವಳು ಮಾಡಿದ್ದು ನಾಲ್ಕು ಬೆರಳು ಅಗಲದ ಒಂದು ಬಟ್ಟೆಯ ಪಟ್ಟಿ. ಪೈಲಟ್ ಅದನ್ನು ಅಂಗಿಯ ಒಳಗೆ ಪಕ್ಕೆಲುಬಿನ ಸುತ್ತ ಕಟ್ಟಿಕೊಳ್ಳಬೇಕು. ಒಳಗೆ ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು ಗುಂಡಿಗಳು, ಕಡಲೆಕಾಳಿನಷ್ಟು ದಪ್ಪ. ರೆಕ್ಕೆಯ ಬುಡದಲ್ಲಿಟ್ಟ ಸಂವೇದಕಗಳು ಎಂಜಿನ್ನಿನ ಕಂಪನವನ್ನು ಹಿಡಿದು, ಚರ್ಮಕ್ಕೆ ತಿಳಿಯುವಷ್ಟು ನಿಧಾನಗೊಳಿಸಿ, ಆ ಗುಂಡಿಗಳಿಗೆ ಕಳಿಸುತ್ತಿದ್ದವು. ಎಡ ಎಂಜಿನ್ ಎಡಪಕ್ಕೆಯಲ್ಲಿ ಗುನುಗುತ್ತಿತ್ತು, ಬಲದ್ದು ಬಲಪಕ್ಕೆಯಲ್ಲಿ. ಮಡಿಲಲ್ಲಿ ಬೆಕ್ಕು ಮಲಗಿದ ಹಾಗೆ. ನಾಲ್ಕು ದಿನ ಕಚಗುಳಿ, ಆಮೇಲೆ ಅಭ್ಯಾಸ.

ಅದನ್ನು ಮೊದಲು ಕಟ್ಟಿಕೊಂಡು ಹಾರಿದವರು ಕ್ಯಾಪ್ಟನ್ ನಂಜರಾಜ ಅರಸ್. ಶ್ರೀಪತಿಯ ಹಳೆಯ ಗೆಳೆಯ. ವೈಜಯಂತಿಗೆ ಸಣ್ಣಂದಿನಿಂದ ‘ಮಾಮ’. ಅಪಘಾತವಾದ ಮೇಲೆ ಆ ಮನೆಗೆ ಬರುವುದನ್ನು ನಿಲ್ಲಿಸದ ಪೈಲಟ್ ಅವರೊಬ್ಬರೇ. ಎರಡು ವರ್ಷ ಅವರು ಪಟ್ಟಿಯೊಂದಿಗೆ ಹಾರಿದರು. ಇನ್ನು ಎತ್ತರದ ಪರೀಕ್ಷೆ ಒಂದೇ ಬಾಕಿ. ಅದಾದರೆ ದೇಶದ ಎಲ್ಲ ಪೈಲಟ್ಟುಗಳಿಗೂ ಪಟ್ಟಿ ಕೊಡಲು ಒಪ್ಪಿಗೆ ಸಿಗುವುದಿತ್ತು.

ಆ ಹೊತ್ತಿನಲ್ಲಿ ಅರಸರಿಗೆ ಸರ್ಪಸುತ್ತು ಆಯಿತು.

ಎಡಗಡೆ ಬೆನ್ನಿನಿಂದ ಎದೆಯ ಕಡೆಗೆ ಅಂಗೈ ಅಗಲ ಬೊಕ್ಕೆಗಳು ಎದ್ದವು. ಡಾಕ್ಟರು ಮಾತ್ರೆ ಕೊಟ್ಟರು. ಹೆಂಡತಿ ಇಂದುಮತಿ ಮಾತ್ರೆಯ ಜೊತೆಗೆ ಕೆಮ್ಮಣ್ಣನ್ನೂ ಕಲಸಿ ಹಚ್ಚಿದರು. ಮೂರು ವಾರಕ್ಕೆ ಬೊಕ್ಕೆ ಒಣಗಿದವು, ಉರಿ ಮಾತ್ರ ಎರಡು ತಿಂಗಳು ಉಳಿಯಿತು. ರಜೆ ಮುಗಿಯುವ ಹೊತ್ತಿಗೆ ಉರಿಯೂ ಹೋಯಿತು. ವೈದ್ಯರ ತಪಾಸಣೆಯಲ್ಲಿ ಕಣ್ಣು, ಕಿವಿ, ಹೃದಯ, ಸಕ್ಕರೆ ಎಲ್ಲ ಸರಿಯಿತ್ತು. ಅರಸರು ಮತ್ತೆ ಪಟ್ಟಿ ಕಟ್ಟಿದರು.

ಒಂದು ಭಾನುವಾರ ಬೆಳಿಗ್ಗೆ ಅವರು ಬನಿಯನ್ನಿನಲ್ಲಿ ನಿಂತು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆಯನ್ನು ಮೇಜಿನ ಅಂಚಿಗೆ ನೆಟ್ಟಗೆ ನಿಲ್ಲಿಸಿ, ಆಚೆಗಿದ್ದ ಹ್ಯಾಂಗರ್ ತೆಗೆದುಕೊಳ್ಳಲು ಬಾಗಿದರು. ಬಟ್ಟೆ ಸುಟ್ಟ ವಾಸನೆ ಬಂದು ಇಂದುಮತಿ ಅಡುಗೆಮನೆಯಿಂದ ಇಣುಕಿದರು.

“ರೀ! ಪಕ್ಕೆ! ಇಸ್ತ್ರಿ ಪೆಟ್ಟಿಗೆ!”

ಅರಸರು ತಿರುಗಿ ನೋಡಿಕೊಂಡರು. ಬನಿಯನ್ ಕಂದು ಬಣ್ಣಕ್ಕೆ ತಿರುಗಿ ತೂತಾಗಿತ್ತು. ಇಂದುಮತಿ ಓಡಿಬಂದು ಸ್ವಿಚ್ ತೆಗೆದು, ತಣ್ಣೀರಿನ ಬಟ್ಟೆ ಒತ್ತಿದರು.

“ಉರೀತಾ ಇಲ್ವಾ?”

“ಉರೀತಿದೆ, ಬಿಡು.”

ಇಂದುಮತಿ ಬಟ್ಟೆ ತೆಗೆದರು. “ಕಣ್ಮುಚ್ಚಿ. ಈಗ ಎಲ್ಲಿ ಮುಟ್ತಿದೀನಿ ಹೇಳಿ.”

“ಅಲ್ಲೇ. ಸುಟ್ಟಿರೋದರ ಕೆಳಗೆ.”

“ನಾನು ಮುಟ್ಟೇ ಇಲ್ಲ.”

ಅರಸರು ಕಣ್ಣು ಬಿಟ್ಟರು. ಹೆಂಡತಿ ಎರಡೂ ಕೈಯನ್ನು ತಮ್ಮ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು.

“ಎಷ್ಟು ದಿನದಿಂದ?”

“ಉರಿ ಹೋದಾಗಿನಿಂದ. ಮೂರು ತಿಂಗಳಾಯ್ತು.”

“ವೈಜೂಗೆ ಗೊತ್ತಾ?”

“ಗೊತ್ತಿಲ್ಲ. ಡಾಕ್ಟ್ರೂ ಕೇಳ್ಲಿಲ್ಲ, ಇಂದೂ. ಪೈಲಟ್‌ಗಳ ಚರ್ಮ ಇದುವರೆಗೂ ಯಾರೂ ಪರೀಕ್ಷೆ ಮಾಡಿಲ್ಲ.”

“ಇದುವರೆಗೂ ಯಾರೂ ಚರ್ಮದಲ್ಲಿ ವಿಮಾನ ಹಾರಿಸಿಲ್ವಲ್ಲ! ಕೇಳ್ಲಿಲ್ಲ ಅಂದ್ರೆ ಹೇಳ್ಬಾರದು ಅಂತಾನಾ?”

“ಈಗ ಹೇಳಿದ್ರೆ ಇನ್ನೊಬ್ಬ ಪೈಲಟ್ ಬರಬೇಕು, ಅವನಿಗೆ ಪಟ್ಟಿ ಅಭ್ಯಾಸ ಆಗ್ಬೇಕು. ಈ ವರ್ಷದ ಪರೀಕ್ಷೆ ತಪ್ಪಿದ್ರೆ ಪಟ್ಟಿ ಕಪಾಟು ಸೇರತ್ತೆ. ಆ ಹುಡುಗೀದು ಏಳು ವರ್ಷದ ಕೆಲಸ. ಇನ್ನು ಒಂದೇ ಒಂದು ಹಾರಾಟ.”

ಇಂದುಮತಿ ಮುಲಾಮು ಹಚ್ಚಿದರು. ಹಚ್ಚುವಾಗಲೂ ಅರಸರಿಗೆ ತಿಳಿಯಲಿಲ್ಲ. “ನಾನು ಅವಳಿಗೆ ಫೋನ್ ಮಾಡಲ್ಲ,” ಎಂದರು ಕೊನೆಗೆ. “ನೀವೇ ಹೇಳ್ಬೇಕು.”

ಮಾರನೆಯ ದಿನ ಪ್ರಯೋಗಾಲಯಕ್ಕೆ ಹೋಗುವಾಗ ಹೇಳಬೇಕೆಂದೇ ಅರಸರು ಹೊರಟಿದ್ದರು. ಅಲ್ಲಿ ವೈಜಯಂತಿ ಬಾಗಿಲಲ್ಲೇ ಎದುರಾದಳು. ಎತ್ತರದ ಪರೀಕ್ಷೆಗೆ ದಿನ ಗೊತ್ತಾಗಿತ್ತು. ಅವಳ ಅರಳಿದ ಮುಖ ನೋಡಿ ಅರಸರು ‘ಒಳ್ಳೇದಾಯ್ತು’ ಎಂದಷ್ಟೇ ಹೇಳಿ ಒಳಗೆ ನಡೆದರು.

ಮಾದರಿ ಕಾಕ್‌ಪಿಟ್ಟಿನಲ್ಲಿ ಕೂರಿಸಿ ಅವಳು ಅವರಿಗೆ ಕೊನೆಯ ಅಭ್ಯಾಸ ಮಾಡಿಸಿದಳು. ಗಣಕದಲ್ಲಿ ಯಾವುದಾದರೊಂದು ಎಂಜಿನ್ ಕೆಡಿಸುವುದು. ಅವರು ಪರದೆ ನೋಡದೆ ಯಾವುದೆಂದು ಹೇಳುವುದು.

“ಬಲ.” “ಬಲ.” “… ಎಡ.” “ಬಲ.” “… ಎಡ.”

ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ಉಪಾಯ ಸುಲಭವಾಗಿತ್ತು. ಗಂಟೆ ಹೊಡೆದಾಗ ಬಲಪಕ್ಕೆಯ ಗುನುಗು ಕೆಟ್ಟಿದ್ದರೆ ಬಲ. ಅದು ಸರಿಯಿದ್ದರೆ ಕೆಟ್ಟಿರುವುದು ಎಡವೇ ಆಗಿರಬೇಕು. ಎಡಪಕ್ಕೆ ಏನನ್ನೂ ಹೇಳಬೇಕಾಗಿರಲಿಲ್ಲ.

“ಎಡ ಹೇಳೋಕೆ ಅರ್ಧ ಸೆಕೆಂಡ್ ಜಾಸ್ತಿ ತಗೋತಿದೀರಾ ಮಾಮ,” ಎಂದಳು ವೈಜಯಂತಿ ಪರದೆ ನೋಡುತ್ತ.

“ವಯಸ್ಸಾಯ್ತಲ್ಲ ಮಗು.”

ಅವಳು ನಕ್ಕು ಕಡತ ಮುಚ್ಚಿದಳು. ಪಟ್ಟಿಯನ್ನು ಬಿಚ್ಚಿ ಸುತ್ತಿಡುವಾಗ, ಆಗಾಗ ಹೇಳುವ ಮಾತನ್ನೇ ಮತ್ತೆ ಹೇಳಿದಳು: “ಅಪ್ಪನಿಗೆ ಅಷ್ಟೂ ಗೊತ್ತಾಗ್ಲಿಲ್ವಲ್ಲ ಮಾಮ. ಎಡ ಬಲ.”

“ನಿಮ್ಮಪ್ಪನ ಪಕ್ಕದಲ್ಲಿ ನಾನು ನಾನೂರು ಗಂಟೆ ಹಾರಿದೀನಿ. ನನಗಿಂತ ಹುಷಾರಿ ಅವನು.”

“ಹುಷಾರಿ ಆಗಿದ್ದವರು ಹಾಗ್ ಮಾಡ್ತಾರಾ?” ಅವಳ ದನಿಯಲ್ಲಿ ಸಿಟ್ಟಿತ್ತು; ಹದಿನಾಲ್ಕು ವರ್ಷ ಹಳೆಯದು. ಅರಸರು ಅಂಗಿಯ ಗುಂಡಿ ಹಾಕಿಕೊಂಡರು.

ಪರೀಕ್ಷೆಯ ವಿಮಾನ ಹದಿನೆಂಟು ಸೀಟಿನ ಪುಟ್ಟ ಜೆಟ್. ಚಂಡೀಗಢದಿಂದ ಹೊರಟು, ಹಿಮಾಲಯದ ಮೇಲೆ ಮೂವತ್ತೇಳು ಸಾವಿರ ಅಡಿಯಲ್ಲಿ ಒಂದು ಸುತ್ತು ಹಾಕಿ, ಮಧ್ಯಾಹ್ನದ ಊಟಕ್ಕೆ ವಾಪಸು. ಎಡ ಸೀಟಿನಲ್ಲಿ ಅರಸರು. ಬಲ ಸೀಟಿನಲ್ಲಿ ಸಹಪೈಲಟ್ ತನ್ವೀರ್ ಪಾಷಾ, ಚನ್ನಪಟ್ಟಣದವನು, ಮೂವತ್ತರ ಆಸುಪಾಸು. ಪರೀಕ್ಷೆ ಅರಸರ ಪಟ್ಟಿಯದಾದ್ದರಿಂದ ಅವನಿಗೆ ಪಟ್ಟಿ ಇರಲಿಲ್ಲ, ಮಾಮೂಲಿನ ಪರದೆ ಇತ್ತು. ಹಿಂದೆ ಪ್ರಯಾಣಿಕರ ಜಾಗದಲ್ಲಿ ವೈಜಯಂತಿ ಒಬ್ಬಳೇ, ಮಡಿಲಲ್ಲಿ ಲ್ಯಾಪ್‌ಟಾಪು. ಪಟ್ಟಿಗೆ ಹೋಗುವ ಕಂಪನವೆಲ್ಲ ಅದರಲ್ಲಿ ಎರಡು ಗೆರೆಗಳಾಗಿ ಹರಿಯುತ್ತಿತ್ತು. ಅವಳು ಕಾಕ್‌ಪಿಟ್ಟಿಗೆ ಸುಳಿವು ಕೊಡಬಾರದೆಂದು ಅವಳ ಮೈಕನ್ನು ನಿಯಮದಂತೆ ತೆಗೆದಿಟ್ಟಿದ್ದರು.

ಕೆಳಗೆ ಮೋಡ. ಮೋಡದ ಮೇಲೆ ಅಲ್ಲೊಂದು ಇಲ್ಲೊಂದು ಹಿಮದ ತುದಿ.

“ಸರ್, ಬೆಟ್ಟ ನೋಡಿದ್ರೆ ಹತ್ರ ಅನ್ಸತ್ತೆ,” ಎಂದ ತನ್ವೀರ್.

“ಹದಿನೈದು ಸಾವಿರ ಅಡಿ ಕೆಳಗಿದೆ. ಎರಡು ಎಂಜಿನ್ ಇರೋವರೆಗೂ ದೂರ.”

ಅದಾಗಿ ಹತ್ತು ನಿಮಿಷಕ್ಕೆ ಧಡ್ ಎಂದು ವಿಮಾನ ಅದುರಿತು. ಗಂಟೆ ಬಡಿಯತೊಡಗಿತು. ಸುಟ್ಟ ಎಣ್ಣೆಯ ವಾಸನೆ ಕಾಕ್‌ಪಿಟ್ಟಿಗೆ ಬಂತು. ಸೀಟು, ನೆಲ, ಕೈಹಿಡಿ ಎಲ್ಲ ಗಡಗಡ ನಡುಗುತ್ತಿದ್ದವು.

ಎಡ ಎಂಜಿನ್ನಿನ ಒಳಗೆ ಒಂದು ಅಲಗು ಮುರಿದು ಹಾರಿತ್ತು. ಅದು ಹೋಗುವಾಗ ಒಂದು ತಂತಿಯ ಕಟ್ಟನ್ನೂ ಕತ್ತರಿಸಿತ್ತು; ಹಾಗಾಗಿ ಪರದೆಯ ಮೇಲೆ ಎಡ ಎಂಜಿನ್ನಿನ ಅಂಕಿಗಳು ಒಂದು ಗಳಿಗೆ ಹಿಂದೆ ಹೇಗಿದ್ದವೋ ಹಾಗೆಯೇ, ಎಲ್ಲ ಸರಿಯಿದೆ ಎಂಬಂತೆ, ನಿಂತುಬಿಟ್ಟಿದ್ದವು. ಎಡದ್ದು ಸೊರಗಿದ್ದನ್ನು ತುಂಬಿಕೊಳ್ಳಲು ಬಲ ಎಂಜಿನ್ ತಾನಾಗಿ ಜೋರು ಮಾಡಿಕೊಳ್ಳುತ್ತಿತ್ತು. ಎಡದ್ದು ಇನ್ನೂ ಪೂರ್ತಿ ಸತ್ತಿರಲಿಲ್ಲ, ಆದ್ದರಿಂದ ವಿಮಾನದ ಮೂಗೂ ಒಂದು ಕಡೆ ಎಳೆಯಲಿಲ್ಲ.

ಇದ್ಯಾವುದೂ ಕಾಕ್‌ಪಿಟ್ಟಿನಲ್ಲಿ ಕೂತವರಿಗೆ ಕಾಣುವಂಥದ್ದಲ್ಲ. ಅರಸರಿಗೆ ತಿಳಿದದ್ದು ಇಷ್ಟು: ಬಲಪಕ್ಕೆಯಲ್ಲಿ ಗುನುಗು ಏರಿದೆ, ಒರಟಾಗಿದೆ, ನಡುಗುತ್ತಿದೆ. ಪರದೆಯಲ್ಲಿ ಕುಣಿಯುತ್ತಿರುವುದೂ ಬಲದ ಅಂಕಿಗಳೇ.

“ಬಲ ಎಂಜಿನ್,” ಎಂದರು.

“ಬಲ, ಸರ್,” ಎಂದ ತನ್ವೀರ್, ಪರದೆ ನೋಡಿ.

ಅರಸರು ಬಲ ಎಂಜಿನ್ನಿನ ವೇಗ ತಗ್ಗಿಸುವ ಹಿಡಿಯನ್ನು ಹಿಂದಕ್ಕೆಳೆದರು. ಬಲ ಎಂಜಿನ್ನಿನ ಸದ್ದು ತಗ್ಗಿತು. ವಿಮಾನ ಕೆಳಕ್ಕೆ ಕುಸಿಯತೊಡಗಿತು. ಮುಂದಿನ ಹೆಜ್ಜೆ, ಬಲ ಎಂಜಿನ್ನಿಗೆ ಇಂಧನ ನಿಲ್ಲಿಸುವ ಸ್ವಿಚ್ಚು. ಅವರ ಎರಡು ಬೆರಳು ಅದರ ಮೇಲೆ ಹೋದವು.

ಹಿಂದೆ ವೈಜಯಂತಿ ಪರದೆಯಲ್ಲಿ ಎಡದ ಗೆರೆ ಕೆಂಪಾಗಿ ನೆಗೆಯುವುದನ್ನು ನೋಡಿ, ಹೆದರಿಕೆಯ ನಡುವೆಯೂ, ಸದ್ಯ ಪಟ್ಟಿ ಕೆಲಸ ಮಾಡ್ತಿದೆ, ಮಾಮನಿಗೆ ಗೊತ್ತಾಗಿರತ್ತೆ ಎಂದುಕೊಂಡಳು. ಅಷ್ಟರಲ್ಲಿ ಬಲಗಡೆಯ ಸದ್ದು ಇಳಿಯುವುದು ಕೇಳಿಸಿತು. ಬೆಲ್ಟು ಬಿಚ್ಚಿ ಎದ್ದಳು. ನಡುಗುವ ನೆಲದ ಮೇಲೆ ಸೀಟು ಹಿಡಿದು ಹಿಡಿದು ಮುಂದಕ್ಕೆ ಓಡಿದಳು.

ಅರಸರ ಬೆರಳು ಸ್ವಿಚ್ಚಿನ ಮೇಲೆಯೇ ನಿಂತಿತ್ತು. ಏನೋ ಸರಿಯಿರಲಿಲ್ಲ. ಹಿಡಿ ಎಳೆದ ಕೂಡಲೇ ಬಲಪಕ್ಕೆಯ ಗುನುಗು ತಣ್ಣಗೆ ಇಳಿದಿತ್ತು, ಹೇಳಿದ ಮಾತು ಕೇಳಿದ ಹಾಗೆ. ಮುರಿದ ಎಂಜಿನ್ ಅಷ್ಟು ಚೆನ್ನಾಗಿ ಮಾತು ಕೇಳುವುದಿಲ್ಲ. ಸೀಟು ಇನ್ನೂ ನಡುಗುತ್ತಲೇ ಇತ್ತು. ಹಾಗಾದರೆ ನಡುಗಿಸುತ್ತಿರುವುದು ಯಾವುದು? ಎಡಪಕ್ಕೆ ಸುಮ್ಮನಿತ್ತು. ಅದು ಮೂರು ತಿಂಗಳಿಂದ ಸುಮ್ಮನೆಯೇ ಇತ್ತು.

“ಸರ್? ಇಂಧನ ನಿಲ್ಲಿಸೋದಾ?”

ಹೇಳದೆಯೇ ಮಾಡಿಬಿಡಬಹುದು ಎಂದು ಅರಸರಿಗೆ ಒಂದು ಕ್ಷಣ ಅನ್ನಿಸಿತು. ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ‘ಇನ್ನೊಂದ್ಸಲ ನೋಡೋಣ’ ಎಂದರೆ ಮುಗಿಯಿತು; ಯಾರಿಗೂ ತಿಳಿಯುವುದಿಲ್ಲ. ಆದರೆ ಪಕ್ಕದಲ್ಲಿ ಕೂತವನು ಅವರ ಮೈಯನ್ನೂ ನಂಬಿ ದನಿಗೂಡಿಸಿದ್ದ; ಅದು ಸುಳ್ಳೆಂದು ತಿಳಿಯದಿದ್ದರೆ ಮುಂದಿನ ಸಲವೂ ನಂಬುತ್ತಾನೆ. ಅವರು ಸ್ವಿಚ್ಚಿನಿಂದ ಕೈ ತೆಗೆದರು.

“ತನ್ವೀರ್, ನನ್ನ ಎಡಪಕ್ಕೆಗೆ ಸ್ಪರ್ಶ ಇಲ್ಲ. ಮೂರು ತಿಂಗಳಾಯ್ತು. ನಾನು ಬಲ ಅಂದದ್ದನ್ನ ನಂಬಬೇಡ. ವಿಮಾನ ನೀನು ಹಿಡ್ಕೋ.”

ತನ್ವೀರ್ ಒಮ್ಮೆ ಅವರ ಮುಖ ನೋಡಿ, ಸ್ಟಿಯರಿಂಗ್ ಹಿಡಿದ. “ಹಿಡ್ಕೊಂಡಿದೀನಿ ಸರ್.”

ಅರಸರು ಅಂಗಿಯ ಎರಡು ಗುಂಡಿ ಕಿತ್ತು, ಬಲಗೈಯನ್ನು ಒಳಗೆ ತೂರಿಸಿ, ಎಡಪಕ್ಕೆಯ ಮೇಲಿದ್ದ ಪಟ್ಟಿಗೂ ಚರ್ಮಕ್ಕೂ ನಡುವೆ ಅಂಗೈ ಇಟ್ಟರು. ಹನ್ನೆರಡು ಗುಂಡಿಗಳು ಅಂಗೈಗೆ ಸುತ್ತಿಗೆಯ ಹಾಗೆ ಬಡಿಯುತ್ತಿದ್ದವು.

“ಎಡ! ತನ್ವೀರ್, ಕೆಟ್ಟಿರೋದು ಎಡ! ಬಲ ಪೂರ್ತಿ ಜೋರು ಮಾಡು.”

ಬಾಗಿಲು ತಳ್ಳಿಕೊಂಡು ಒಳಗೆ ಬಂದ ವೈಜಯಂತಿಯ ಬಾಯಲ್ಲೂ ಅದೇ ಪದವಿತ್ತು. ಅವಳು ಕಂಡದ್ದು ಅಂಗಿಯೊಳಗೆ ಕೈಯಿಟ್ಟು ಕೂತ ಮಾಮನನ್ನು. ಅರ್ಧ ಸೆಕೆಂಡು ತಡವಾಗಿ ಬರುತ್ತಿದ್ದ ‘ಎಡ’ ಅವಳಿಗೆ ನೆನಪಾಯಿತು. ಏನೂ ಕೇಳದೆ ಹಿಂದಿನ ಮಡಚು ಸೀಟಿನಲ್ಲಿ ಕೂತು ಬೆಲ್ಟು ಬಿಗಿದಳು.

ಬಲ ಎಂಜಿನ್ ಮತ್ತೆ ಏರಿತು. ಈ ಸಲ ಅರಸರು ಎಡದ ಹಿಡಿಯನ್ನು ತೋರಿಸಿ, ತನ್ವೀರ್ ನೋಡಿ, ಹಿಂದೆ ಕೂತ ವೈಜಯಂತಿಯೂ ಗಟ್ಟಿಯಾಗಿ “ಎಡ” ಎಂದ ಮೇಲೆ ಹಿಂದಕ್ಕೆಳೆದರು. ಇಂಧನ ನಿಲ್ಲಿಸಿದರು. ನಡುಕ ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು.

ಇನ್ನು ಉಳಿದದ್ದು ಬೆಟ್ಟ. ಒಂದೇ ಎಂಜಿನ್ನಿನಲ್ಲಿ ಆ ವಿಮಾನ ಇಪ್ಪತ್ತೆರಡು ಸಾವಿರ ಅಡಿಯ ಮೇಲೆ ನಿಲ್ಲಲಾರದು. ದಕ್ಷಿಣಕ್ಕೆ ಬಯಲಿಗೆ ಹೋಗುವ ದಾರಿಯಲ್ಲಿ ಇಪ್ಪತ್ತು ಸಾವಿರ ಅಡಿಯ ಒಂದು ಏಣು, ಬೆಟ್ಟದ ಸಾಲಿನ ನೆತ್ತಿ, ಅಡ್ಡಲಾಗಿ ಮಲಗಿತ್ತು. ಅದನ್ನು ದಾಟುವವರೆಗೆ ಎತ್ತರವನ್ನು ಒಂದೊಂದು ಅಡಿಯೂ ಕಾಪಾಡಿಕೊಳ್ಳಬೇಕು. ಮೂಗು ತಗ್ಗಿಸಿದರೆ ಬೇಗ ಕೆಳಗೆ, ಎತ್ತಿದರೆ ವೇಗ ಸತ್ತು ಇನ್ನೂ ಬೇಗ ಕೆಳಗೆ. ತನ್ವೀರ್‌ನಿಂದ ವಿಮಾನವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡ ಅರಸರು ಹಗುರಾಗಿ, ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವವರ ಹಾಗೆ, ವಿಮಾನವನ್ನು ಇಳಿಸುತ್ತಾ ಹೋದರು. ಒಂದೇ ಕಡೆಯ ಎಂಜಿನ್ನು ಮೂಗನ್ನು ಎಡಕ್ಕೆ ತಿರುಗಿಸದ ಹಾಗೆ ಬಲಗಾಲಿನಿಂದ ಪೆಡಲ್ ಒತ್ತಿ ಹಿಡಿದಿದ್ದರು.

“ಇಪ್ಪತ್ತೆಂಟು ಸಾವಿರ,” ಎಂದು ತನ್ವೀರ್ ಓದುತ್ತಿದ್ದ. “ಇಪ್ಪತ್ತೈದು… ಇಪ್ಪತ್ಮೂರೂವರೆ… ಸರ್, ಇಳಿಯೋದು ನಿಧಾನ ಆಗ್ತಿದೆ.”

ಇಪ್ಪತ್ತೊಂದು ಸಾವಿರದ ಒಂಬೈನೂರಕ್ಕೆ ಬಂದು ವಿಮಾನ ಇಳಿಯುವುದು ನಿಂತಿತು. ಐದು ನಿಮಿಷದ ಮೇಲೆ ಮೋಡ ಹರಿದು, ಕಿಟಕಿಯ ಕೆಳಗೆ ಏಣು ಕಾಣಿಸಿತು. ಹಿಮದ ಮೇಲೆ ಗಾಳಿ ಕೊರೆದ ಗೆರೆಗಳನ್ನು ಎಣಿಸಬಹುದಿತ್ತು. ಏಣು ಹಿಂದಾಯಿತು. ಆಚೆಗೆ ಹಸಿರು ಕಣಿವೆ ಬಾಯಿಬಿಟ್ಟುಕೊಂಡಿತ್ತು.

ಚಂಡೀಗಢದಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ತನ್ವೀರ್ ಕಾಗದಪತ್ರಕ್ಕೆ ಹೋದ. ಸಿಬ್ಬಂದಿಯ ಕೋಣೆಯಲ್ಲಿ ಅರಸರು ಮತ್ತು ವೈಜಯಂತಿ ಇಬ್ಬರೇ ಕೂತರು. ಯಾರೋ ಚಹಾ ತಂದಿಟ್ಟು ಹೋದರು.

“ನಾನು ಹಿಂದೆ ಕೂತಿದ್ದೆ ಮಾಮ.”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿನ್ನ ಪಟ್ಟಿ ನಿಂತುಹೋಗತ್ತೆ, ನಿನಗೋಸ್ಕರ ಅಂತ ಹೇಳ್ಕೊಂಡಿದ್ದೆ. ಅದು ಅರ್ಧ ನಿಜ.” ಅರಸರು ಲೋಟ ಎತ್ತಿಕೊಂಡು ಮತ್ತೆ ಇಟ್ಟರು. “ಇನ್ನರ್ಧ, ಇಳಿಯೋಕೆ ಮನಸ್ಸಿರ್ಲಿಲ್ಲ. ಮೂವತ್ತು ವರ್ಷ ಮೇಲಿದ್ದವನು ಒಂದು ಚರ್ಮಕ್ಕೋಸ್ಕರ ಕೆಳಗೆ ಕೂರಬೇಕಲ್ಲ ಅಂತ. ತಪ್ಪು ನಂದು ಮಗು. ನಿನ್ನ ಪಟ್ಟಿ ಸರಿಯಾಗೇ ಹೇಳ್ತು.”

ವೈಜಯಂತಿ ಸಿಟ್ಟಿನಲ್ಲಿ ಏನೋ ಹೇಳಹೊರಟಳು. ಅವರ ಬಲಗೈ ಮೇಜಿನ ಮೇಲಿತ್ತು. ಸ್ವಿಚ್ಚಿನ ಮೇಲೆ ನಿಂತಿದ್ದ ಕೈ ಅದು. ಅವಳು ಬಲ್ಲ ಮನುಷ್ಯರಲ್ಲೆಲ್ಲ ಎಚ್ಚರಿಕೆಯ ಮನುಷ್ಯ ಇವರು. ಮನೆ ಬಿಡುವಾಗ ಗ್ಯಾಸು ಮೂರು ಸಲ ನೋಡುವವರು. ಅವರಿಗೂ ಹೀಗಾಯಿತು. ಹೇಳಹೊರಟಿದ್ದನ್ನು ನುಂಗಿಕೊಂಡು, ಅವಳು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವಳಿಗೆ ತುಂಬ ಹೊತ್ತು ಅಳು ಬಂತು.

ವಿಚಾರಣೆಯಲ್ಲಿ ಅರಸರು ಏನನ್ನೂ ಮುಚ್ಚಿಡಲಿಲ್ಲ. ಬಲದ ಹಿಡಿ ಎಳೆದಾಗಿನಿಂದ ಮತ್ತೆ ತಳ್ಳುವವರೆಗೆ ಹತ್ತೊಂಬತ್ತು ಸೆಕೆಂಡು ಆಗಿತ್ತು ಎಂದು ದಾಖಲೆ ಹೇಳಿತು. ಅಷ್ಟು ಹೊತ್ತು ಏಕೆ ಬೇಕಾಯಿತು ಎಂದು ಅಧಿಕಾರಿ ಕೇಳಿದರು. “ಅನುಮಾನ ಬೇಗನೆ ಬಂತು, ಸರ್. ಹೇಳೋಕೆ ಹೊತ್ತು ಹಿಡೀತು,” ಎಂದರು ಅರಸರು. ಅವರ ಪರವಾನಗಿ ಹೋಯಿತು. ಅರ್ಧ ಸೆಕೆಂಡಿನ ವಿಳಂಬವನ್ನು ಕಂಡೂ ಬಿಟ್ಟದ್ದನ್ನು ವೈಜಯಂತಿ ತಾನಾಗಿಯೇ ಬರೆದುಕೊಟ್ಟಳು. ಪಟ್ಟಿಯ ಒಪ್ಪಿಗೆ ಒಂದು ವರ್ಷ ಮುಂದಕ್ಕೆ ಹೋಯಿತು. ಕಪಾಟು ಮಾತ್ರ ಸೇರಲಿಲ್ಲ. ಈಗ ಪಟ್ಟಿ ಕಟ್ಟುವ ಮುನ್ನ ಪೈಲಟ್‌ನ ಕಣ್ಣು ಮುಚ್ಚಿಸಿ, ಪಕ್ಕೆಯನ್ನು ಹತ್ತಿಯಿಂದ ಅಲ್ಲಲ್ಲಿ ಮುಟ್ಟಿ ಕೇಳುತ್ತಾರೆ. ಒಂದೊಂದು ಸಲ ಮುಟ್ಟದೆಯೂ ಕೇಳುತ್ತಾರೆ. ಅದನ್ನು ಹೇಳಿಕೊಟ್ಟವರು ಇಂದುಮತಿ.

ವಿಚಾರಣೆ ಮುಗಿದ ಮಾರನೆಯ ಬೆಳಿಗ್ಗೆ ವೈಜಯಂತಿ ತಾಯಿಯ ಜೊತೆ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪೇಪರಿನಲ್ಲಿ ಎಲ್ಲ ಬಂದಿತ್ತು, ಕಮಲಾಕ್ಷಿ ಓದಿದ್ದರು.

“ಹತ್ತೊಂಬತ್ತು ಸೆಕೆಂಡಾ?” ಎಂದು ಕೇಳಿದರು, ತಲೆ ಎತ್ತದೆ.

“ಹೂಂ. ಅಷ್ಟರಲ್ಲಿ ಸಾವಿರದ ಇನ್ನೂರು ಅಡಿ ಇಳಿದಿದ್ವಿ.”

ಕಮಲಾಕ್ಷಿ ಲೆಕ್ಕ ಹಾಕುತ್ತಿರುವಂತೆ ಇನ್ನೊಂದು ಕಾಯಿ ಸುಲಿದರು. “ನಿಮ್ಮಪ್ಪ ಒಂಬೈನೂರು ಅಡೀಲಿದ್ರು.”

“ಹೌದಮ್ಮ.”

ವೈಜಯಂತಿ ಕೈಲಿದ್ದ ಕಾಯಿ ಕೆಳಗಿಟ್ಟಳು. ಅಪ್ಪನ ಅಪಘಾತದ ವರದಿ ಅವಳಿಗೆ ಬಾಯಿಪಾಠವಿತ್ತು. ಅದರ ಕೊನೆಯ ಪುಟದ ಒಂದು ಸಾಲನ್ನು ಅವಳು ತಾಯಿಗೆ ಎಂದೂ ಹೇಳಿರಲಿಲ್ಲ. ಹೇಳಿ ಏನು ಪ್ರಯೋಜನ ಎಂದು ಸಿಟ್ಟಿನಲ್ಲಿ ಬಿಟ್ಟಿದ್ದಳು.

“ಅಮ್ಮ, ಅಪ್ಪನಿಗೆ ಗೊತ್ತಾಗಿತ್ತು.”

“ಏನು?”

“ತಪ್ಪು ಎಂಜಿನ್ ನಿಲ್ಲಿಸಿದೀನಿ ಅಂತ. ನೆಲಕ್ಕೆ ಬರೋ ನಾಲ್ಕು ಸೆಕೆಂಡ್ ಮುಂಚೆ ಅದನ್ನ ಮತ್ತೆ ಶುರು ಮಾಡೋ ಗುಂಡಿ ಒತ್ತಿದಾರೆ. ವರದೀಲಿದೆ. ಎಂಜಿನ್ ತಿರುಗೋಕೆ ಅರ್ಧ ನಿಮಿಷ ಬೇಕಿತ್ತು.”

ಕಮಲಾಕ್ಷಿ ಮಗಳ ಮುಖವನ್ನೇ ನೋಡಿದರು. ಬೆರಳಿಗೆ ಅವರೆಯ ಸೊಗಡು ಅಂಟಿತ್ತು. ಸೆರಗಿನಲ್ಲಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

“ಎತ್ತರದಲ್ಲಿದ್ದಿದ್ರೆ?”

“ಎತ್ತರದಲ್ಲಿದ್ದಿದ್ರೆ ಸರಿಮಾಡ್ಕೋತಿದ್ರಮ್ಮ.”

“ಸರಿಮಾಡ್ಕೋತಿದ್ರು,” ಎಂದರು ಕಮಲಾಕ್ಷಿ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಗಂಡನ ಹೆಸರು ಹಿಡಿದು, ಶ್ರೀಪತಿ ಸರಿಮಾಡ್ಕೋತಿದ್ರು, ಎಂದು ಇನ್ನೊಮ್ಮೆ ಹೇಳಿದರು.